ಒದ್ದೆ ನೆಲ

ಆ ನೆಲ ಒರೆಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣ ಎಂದು ಇಟ್ಟುಕೊಂಡರೆ ನನ್ನ ನಾಲಿಗೆ ಹೊರಳುವುದಿಲ್ಲ.

ಪೊಲೀಸ್ ಠಾಣೆಯಲ್ಲಿ ಹನ್ನೊಂದು ವರ್ಷ ಕಸ ಗುಡಿಸಿದ್ದೇನೆ. ಬೆಳಿಗ್ಗೆ ಏಳಕ್ಕೆ ಹೋದರೆ ಮಧ್ಯಾಹ್ನ ಮೂರರ ತನಕ. ಮುಂದೆ ದೊಡ್ಡ ಹಾಲ್. ಎಡಕ್ಕೆ ಸಾಹೇಬರ ಕೋಣೆ. ಬಲಕ್ಕೆ ಸ್ಟೇಷನ್ ರೈಟರ್ ಕೂತು ಬರೆಯುವ ಮೇಜು. ಆಮೇಲೆ ಲಾಕಪ್. ಅದರ ಹಿಂದೆ ಎರಡು ಗೋಡೆಗಳ ನಡುವೆ ಉದ್ದಕ್ಕೆ ಒಂದು ಓಣಿ. ಓಣಿಗೆ ಕಿಟಕಿ ಇಲ್ಲ. ಈ ತುದಿಯಲ್ಲಿ ಒಂದು ಬಾಗಿಲು, ಆ ತುದಿಯಲ್ಲಿ ಹಿಂಬಾಗಿಲು. ಇಷ್ಟನ್ನೂ ದಿನಕ್ಕೆ ಎರಡು ಸಲ ಒರೆಸಬೇಕು. ಕೋಲಿನ ಬಟ್ಟೆಯಲ್ಲಿ ಒರೆಸಿದರೆ ಸಾಹೇಬರಿಗೆ ಆಗುತ್ತಿರಲಿಲ್ಲ. ಮಂಡಿಯೂರಿ ಒರೆಸಬೇಕು. ಬ್ಲೀಚಿಂಗ್ ಪುಡಿಗೆ ಬೆರಳ ಸಂದಿ ಸುಲಿದು ಕೆಂಪಗೆ ಇರುತ್ತಿತ್ತು. ಊಟಕ್ಕೆ ಕೈ ಹಾಕಿದರೆ ಉರಿ. ಮಂಡಿಗಳು ಜಡ್ಡುಗಟ್ಟಿ ಒಂಟೆಯ ಮಂಡಿಯ ಹಾಗಾಗಿವೆ. ಇದು ನನ್ನ ಗಂಡ ಕೊಟ್ಟ ಹೋಲಿಕೆ. ಅವನು ಒಂಟೆಯನ್ನು ನೋಡಿಯೇ ಇಲ್ಲ.

ಅಲ್ಲಿ ನನಗೆ ಹೆಸರಿರಲಿಲ್ಲ. ಬಕೆಟ್ ಎನ್ನುತ್ತಿದ್ದರು. "ಏ ಬಕೆಟ್, ಇಲ್ಲಿ ಬಾ." "ಏ ಬಕೆಟ್, ಚಹಾ ಚೆಲ್ಲಿದೆ." ಕೊನೆಕೊನೆಗೆ ಅಂಗಡಿಯಲ್ಲಿ ಯಾರೋ "ಬಕೆಟ್ ಎಷ್ಟು?" ಎಂದು ಕೇಳಿದರೆ ನಾನು ತಿರುಗಿ ನೋಡುತ್ತಿದ್ದೆ.

ನಮ್ಮ ಜನಕ್ಕೆ ಹಡಗಿನವರು ಎನ್ನುತ್ತಾರೆ. ಮುತ್ತಜ್ಜನ ಕಾಲದಲ್ಲಿ ಕಲ್ಲುಗಣಿಗೆ ಆಳು ಸಾಲದೆ ನಮ್ಮವರನ್ನು ಹಡಗಿನಲ್ಲಿ ತುಂಬಿಕೊಂಡು ಬಂದರಂತೆ. ಹಡಗು ಯಾವ ಕಡೆಯಿಂದ ಬಂತು ಎನ್ನುವುದು ನಮಗೇ ಮರೆತುಹೋಗಿದೆ. ಇಲ್ಲಿನವರಿಗೆ ಮಾತ್ರ ಮರೆತಿಲ್ಲ. ನಮ್ಮ ಮೈಬಣ್ಣ ಕಂಡ ಕೂಡಲೇ ನೆನಪಾಗುತ್ತದೆ. ಬಸ್ಸಿನಲ್ಲಿ ಸೀಟಿಗೆ ಜಗಳವಾದರೆ "ಹೋಗಿ ಹಡಗು ಹತ್ತಿ" ಎನ್ನುತ್ತಾರೆ. ಈ ಊರಿನ ಅರ್ಧ ಗೋಡೆಗಳನ್ನು ಎಬ್ಬಿಸಿದವರು ನಾವು. ನಮ್ಮ ಕೇರಿ ಇರುವುದು ರೈಲು ಹಳಿಯ ಆಚೆ.

ನಮ್ಮ ಸಾಲಿನಲ್ಲಿ ಮೂರನೆಯ ಮನೆ ಗಾರೆಯವನದು. ನನಗಿಂತ ಚಿಕ್ಕವನು. ನನ್ನನ್ನು ಅಕ್ಕ ಎನ್ನುತ್ತಿದ್ದ. ಅವನು ಬಳಿದ ಗೋಡೆಯ ಮೇಲೆ ಕೈಯಾಡಿಸಿದರೆ ಗಾಜಿನ ಮೇಲೆ ಆಡಿಸಿದ ಹಾಗೆ. ಹೋದ ಮಳೆಗಾಲ ನಮ್ಮ ಅಡಿಗೆಮನೆಯ ಗೋಡೆ ಉದುರಿದಾಗ ಕರೆಯದೆ ಬಂದು ರಜೆಯ ದಿನವಿಡೀ ಕೂತು ಸರಿಮಾಡಿದ. "ಒಂದು ಲೋಟ ಚಹಾ ಕೊಡಕ್ಕ ಸಾಕು. ಸಕ್ಕರೆ ನಿಮ್ಮ ಯಜಮಾನರ ಮಾತಿನ ಹಾಗೆ ಸುರೀಬೇಡ" ಎಂದಿದ್ದ. ಅವನ ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಾಳೆ. ಮಕ್ಕಳಿಲ್ಲ.

ಅವತ್ತು ಹನ್ನೊಂದು ಗಂಟೆಯ ಸುಮಾರಿಗೆ ಜೀಪು ಬಂತು. ನಾನು ಹಾಲಿನ ಬೆಂಚಿನ ಕೆಳಗೆ ತಲೆ ಹಾಕಿ ಒರೆಸುತ್ತಿದ್ದೆ. ಮೊದಲು ಬೂಟು ಕಂಡವು. ಆಮೇಲೆ ಸಿಮೆಂಟು ಮೆತ್ತಿದ ಬರಿಗಾಲು.

ಕತ್ತಿನ ಪಟ್ಟಿ ಹಿಡಿದು ತಂದವನು ಹೆಡ್ ಕಾನ್‌ಸ್ಟೇಬಲ್. ಅವನಿಗೆ ನಾವೆಲ್ಲ ಮೀಸೆ ಎನ್ನುತ್ತಿದ್ದೆವು, ಅವನ ಹಿಂದೆ. ಅವನ ಜೊತೆ ನನ್ನ ಮೈದುನ. ಗಂಡನ ತಮ್ಮ. ನಮ್ಮ ಕೇರಿಯಲ್ಲಿ ಪೊಲೀಸಾದವನು ಅವನೊಬ್ಬನೇ. ಅವನು ಮೊದಲ ಸಲ ಯೂನಿಫಾರ್ಮ್ ಹಾಕಿದ ದಿನ ಕೇರಿಗೆ ಕೇರಿಯೇ ನೋಡಲು ಬಂದಿತ್ತು. ಮುದುಕಿಯರು ಅವನ ಬೆಲ್ಟಿನ ಬಿಲ್ಲೆ ಮುಟ್ಟಿ ನೋಡಿದ್ದರು. ಠಾಣೆಯಲ್ಲಿ ಅವನು ನನ್ನನ್ನು ಅತ್ತಿಗೆ ಎನ್ನುತ್ತಿರಲಿಲ್ಲ. ಏನೂ ಎನ್ನುತ್ತಿರಲಿಲ್ಲ. ಬಕೆಟ್ ಎನ್ನದೆ ಇದ್ದದ್ದೇ ಅವನು ಕೊಟ್ಟ ಮರ್ಯಾದೆ.

ಆದದ್ದು ಇಷ್ಟು. ಒಂದು ದೊಡ್ಡ ಮನೆಯ ಕಿಟಕಿಯ ಕೆಳಗೆ ಗೋಡೆ ಬಿರುಕು ಬಿಟ್ಟಿತ್ತು. ಗಾರೆಯವನು ಅಲ್ಲಿ ಕೆಲಸಕ್ಕೆ ಹೋಗಿದ್ದ. ಎದುರು ಮನೆಯ ಹೆಂಗಸು ಫೋನ್ ಮಾಡಿದಳು. ಹಡಗಿನವನೊಬ್ಬ ಕಿಟಕಿ ಹತ್ತಿರ ನಿಂತಿದ್ದಾನೆ, ಕೈಯಲ್ಲಿ ಕಬ್ಬಿಣದ್ದು ಏನೋ ಇದೆ. ಕಬ್ಬಿಣದ್ದು ಎಂದರೆ ಗಾರೆ ಬಳಿಯುವ ಕರಣಿ. ಮೀಸೆ ಅದನ್ನು ರೈಟರ್ ಮೇಜಿನ ಮೇಲೆ ಎಸೆದ. ರೈಟರ್ 'ಮಾರಕ ಆಯುಧ' ಎಂದು ಬರೆದುಕೊಂಡ. ಒಳ್ಳೆಯ ಮನುಷ್ಯ ಅವನು. ದಿನಾ ತನ್ನ ಚಹಾದಲ್ಲಿ ಅರ್ಧ ನನಗೆ ಬಿಡುತ್ತಿದ್ದ.

"ಏನು ತಪ್ಪು ಮಾಡ್ದೆ ಸಾರ್ ನಾನು?" ಎಂದ ಗಾರೆಯವನು. "ಆ ಮನೆಯೋರೇ ಕೆಲಸಕ್ಕೆ ಕರೆಸಿದ್ದು. ಫೋನ್ ಮಾಡಿ ಕೇಳಿ."

ರೈಟರ್ ಫೋನ್ ಮಾಡಿದ. ಆ ಮನೆಯವರು, ನಾವು ಕಂಟ್ರಾಕ್ಟರಿಗೆ ಹೇಳಿದ್ದು, ಅವರು ಯಾರನ್ನು ಕಳಿಸಿದರೋ ನಮಗೆ ಗೊತ್ತಿಲ್ಲ ಎಂದರಂತೆ. ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ.

"ಕಿಟಕಿ ಹತ್ರ ಏನೋ ಮಾಡ್ತಿದ್ದೆ?" ಎಂದ ಮೀಸೆ.

"ಕಿಟಕಿ ಕೆಳಗಿನ ಗೋಡೆಗೆ ಗಾರೆ ಹಾಕ್ಬೇಕಾದ್ರೆ ಕಿಟಕಿ ಹತ್ರಾನೇ ನಿಲ್ಬೇಕಲ್ವಾ ಸಾರ್? ಬಾವಿ ಹತ್ರ ನಿಲ್ಲೋಕಾಗುತ್ತಾ?"

ಬೆಂಚಿನ ಮೇಲೆ ಕೂತಿದ್ದ ಒಬ್ಬ ಪೇದೆ ನಕ್ಕುಬಿಟ್ಟ. ತಪ್ಪಿ ನಕ್ಕಿದ್ದು. ಕೂಡಲೇ ಬಾಯಿ ಮುಚ್ಚಿಕೊಂಡ. ಆದರೆ ಮೀಸೆಯ ಕಿವಿಗೆ ಅದು ಬಿದ್ದಿತ್ತು. ಮುಖ ಕೆಂಪಾಯಿತು. ಹಡಗಿನವನ ಮುಂದೆ ತನ್ನನ್ನು ನೋಡಿ ನಕ್ಕರು ಎಂದುಕೊಂಡ. ಒಬ್ಬ ಮನುಷ್ಯ ಸಾಯಲು ಅಷ್ಟು ಸಾಕಾಯಿತು.

"ನಡಿ ಹಿಂದಕ್ಕೆ" ಎಂದ.

ಆಗ ಗಾರೆಯವನು ನನ್ನನ್ನು ನೋಡಿದ. ಬೆಂಚಿನ ಕೆಳಗಿನಿಂದ ಎದ್ದು ನಿಂತಿದ್ದೆ, ಕೈಯಲ್ಲಿ ಒದ್ದೆ ಬಟ್ಟೆ. ಅವನ ಮುಖ ಅರಳಿತು. ನಿಜವಾಗಿ ಅರಳಿತು.

"ಅಕ್ಕಾ! ನೀನಾದ್ರೂ ಹೇಳಕ್ಕ ಇವರಿಗೆ. ನಾನು ಯಾರು ಅಂತ ಹೇಳು."

ಮೀಸೆ ನನ್ನ ಕಡೆ ತಿರುಗಿದ. "ಏ ಬಕೆಟ್, ನಿಮ್ಮೋನಾ ಇವನು?"

ಮೈದುನ ನೆಲ ನೋಡುತ್ತಿದ್ದ. ರೈಟರ್ ಪೆನ್ನು ಎತ್ತಿ ಹಿಡಿದಿದ್ದ. ನಾನು ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿದೆ.

"ಗೊತ್ತಿಲ್ಲ ಸಾರ್" ಎಂದೆ.

 ಗಾರೆಯವನು ನನ್ನನ್ನೇ ನೋಡಿದ. ಮೀಸೆ ತಳ್ಳಿದ. ಮೈದುನ ಹಿಂದೆ ಹೋದ. ಓಣಿಯ ಬಾಗಿಲು ಹಾಕಿಕೊಂಡಿತು.

ನಾನು ಲೋಟಗಳನ್ನು ಎತ್ತಿಕೊಂಡು ತೊಳೆಯುವ ಜಾಗಕ್ಕೆ ಹೋದೆ. ಏಳು ಲೋಟ. ಓಣಿಯ ಗೋಡೆಗೆ ಆತುಕೊಂಡೇ ಆ ತೊಟ್ಟಿ ಇದೆ. ಮೊದಲು ಮಾತು ಕೇಳಿಸಿತು. ಆಮೇಲೆ ಮಾತಲ್ಲದ್ದು. ನಾನು ನಲ್ಲಿ ತಿರುಗಿಸಿದೆ. ಪೂರ್ತಿ ತಿರುಗಿಸಿದೆ. ನೀರು ತೊಟ್ಟಿಗೆ ಬಡಿದು ಮೈಮೇಲೆ ಹಾರುತ್ತಿತ್ತು. ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ. ಮತ್ತೆ ತೊಳೆದೆ. ಒಮ್ಮೆ ಗೋಡೆ ಅದುರಿತು. ಲೋಟದ ಒಳಗೆ ಬೆರಳು ಹಾಕಿ ಉಜ್ಜುತ್ತಾ ನಿಂತಿದ್ದೆ. ಎಷ್ಟು ಹೊತ್ತು ಎಂದು ಕೋರ್ಟಿನಲ್ಲಿ ಕೇಳಿದರು. ಗೊತ್ತಿಲ್ಲ. ಲೋಟಗಳು ಬೆಳ್ಳಗೆ ಹೊಳೆಯುತ್ತಿದ್ದವು.

ಬಾಗಿಲು ತೆರೆದು ಮೀಸೆ ಬಂದ. ನನ್ನ ನಲ್ಲಿಯಲ್ಲೇ ಕೈ ತೊಳೆದುಕೊಂಡ. ನಾನು ಪಕ್ಕಕ್ಕೆ ಸರಿದು ಜಾಗ ಕೊಟ್ಟೆ. ಕೈ ಒರೆಸಿಕೊಳ್ಳಲು ಬಟ್ಟೆಯನ್ನೂ ಕೊಟ್ಟೆ.

"ಹಿಂದೆ ಒರೆಸ್ಬಿಡು" ಎಂದ. "ಈಗ್ಲೇ."

ನಾನು ಹೋಗುವಷ್ಟರಲ್ಲಿ ಗಾರೆಯವನನ್ನು ಹಿಂಬಾಗಿಲಿನಿಂದ ಜೀಪಿಗೆ ಹಾಕಿಯಾಗಿತ್ತು. ಮೈದುನ ಹಿಂಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದ. ಓಣಿಯ ನಡುವೆ ನೆಲ ಕೆಂಪಗಿತ್ತು. ಕೆಂಪಿನಿಂದ ಬಾಗಿಲ ತನಕ ಎರಡು ಗೆರೆ, ಹಿಮ್ಮಡಿ ಎಳೆದ ಗೆರೆ. ಗೋಡೆಯ ಮೇಲೆ ಒಂದು ಅಂಗೈ. ಬಿಳಿಯ ಅಂಗೈ, ಸಿಮೆಂಟಿನ ಅಂಗೈ. ಐದು ಬೆರಳೂ ಬಿಡಿಸಿ ಗೋಡೆಯನ್ನು ಹಿಡಿಯಲು ನೋಡಿದ ಹಾಗೆ.

ನಾನು ಮಂಡಿಯೂರಿದೆ. ಮೂರು ಬಕೆಟ್ ನೀರು. ಒಂದು ಬಕೆಟ್ ಕೆಂಪು, ಎರಡನೆಯದು ಗುಲಾಬಿ, ಮೂರನೆಯದರಲ್ಲಿ ಏನೂ ಗೊತ್ತಾಗುವುದಿಲ್ಲ. ನೆಲ ಬೇಗ ಹೋಯಿತು. ಗೋಡೆಯ ಅಂಗೈ ಹೋಗಲಿಲ್ಲ. ಬ್ರಷ್ಷು ಹಾಕಿ ತಿಕ್ಕಿದೆ. ಉಗುರು ಹಾಕಿ ಕೆರೆದೆ. ನನ್ನ ಕೈ ನನ್ನದಲ್ಲ ಎನ್ನುವ ಹಾಗೆ ಕೆಲಸ ಮಾಡುತ್ತಿತ್ತು. ಹನ್ನೊಂದು ವರ್ಷದ ಅಭ್ಯಾಸ. ಯಾರೋ ಒರೆಸು ಅಂದರೆ ಅದು ಒರೆಸುತ್ತದೆ.

ಸಾಹೇಬರು ಬಂದು ಮೂಗಿಗೆ ಕರ್ಚೀಫು ಹಿಡಿದು ನೋಡಿದರು. "ಪರವಾಗಿಲ್ಲ, ಚೆನ್ನಾಗಿ ಮಾಡಿದೀಯ" ಎಂದರು. ಹನ್ನೊಂದು ವರ್ಷದಲ್ಲಿ ನನ್ನ ಕೆಲಸಕ್ಕೆ ಸಿಕ್ಕ ಹೊಗಳಿಕೆ ಅದೊಂದೇ.

ನನ್ನ ಗಂಡ ಕ್ಷೌರಿಕ. ಸೇತುವೆಯ ಕೆಳಗೆ ಒಂದು ಕುರ್ಚಿ, ಒಂದು ಕನ್ನಡಿ. ಸಂಜೆ ಬಂದವನೇ ರೇಡಿಯೋ ಹಾಕಿದ. ಕಳ್ಳತನದ ಅನುಮಾನದ ಮೇಲೆ ಕರೆತಂದಿದ್ದ ವ್ಯಕ್ತಿ ಠಾಣೆಯ ಒದ್ದೆ ನೆಲದ ಮೇಲೆ ಕಾಲು ಜಾರಿ ಬಿದ್ದು, ತಲೆಗೆ ಪೆಟ್ಟಾಗಿ, ಆಸ್ಪತ್ರೆಯ ದಾರಿಯಲ್ಲಿ ಸತ್ತ ಎಂದು ಹೇಳಿದರು. ಗಂಡ ರೇಡಿಯೋ ಆರಿಸಿದ. ನನ್ನ ಕಡೆ ತಿರುಗಿದ.

"ಅಲ್ಲಿ ಒರೆಸೋಳು ನೀನಲ್ವಾ?" ಎಂದ.

ಸ್ವಲ್ಪ ಹೊತ್ತಿಗೆ ಮೈದುನ ಬಂದ. ಯೂನಿಫಾರ್ಮ್ ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿ ಕೂತ. ಗಾರೆಯವನು ಬಳಿದುಕೊಟ್ಟ ಗೋಡೆ.

"ಅತ್ತಿಗೆ, ನಾಳೆ ನಿಮ್ಮ ಹೇಳಿಕೆ ತಗೋತಾರೆ. ಸೋಪಿನ ನೀರು ಹಾಕಿ ಒರೆಸಿದ್ದೆ, ಯಾರಿಗೂ ಹೇಳೋದು ಮರೆತೆ ಅಂದ್ಬಿಡಿ. ಬೈದು ಒಂದು ಕಾಗದ ಕೊಟ್ಟು ಬಿಟ್ಬಿಡ್ತಾರೆ. ಕೆಲಸಕ್ಕೇನೂ ಆಗಲ್ಲ. ಸಾಹೇಬ್ರು ಮಾತು ಕೊಟ್ಟಿದಾರೆ."

"ನೀನು ಒಳಗಿದ್ದೆಯಲ್ಲ" ಎಂದೆ. "ಏನು ಮಾಡ್ತಿದ್ದೆ?"

"ಕಾಲು ಹಿಡ್ಕೋ ಅಂದ್ರು."

"ಹಿಡ್ಕೊಂಡ್ಯಾ?"

 ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ನಾನು ಹಿಡೀದಿದ್ರೆ ಇನ್ನೊಬ್ಬ ಹಿಡೀತಿದ್ದ ಅತ್ತಿಗೆ."

"ಇನ್ನೊಬ್ಬನೇ ಹಿಡೀಲಿ ಅಂತ ಬಿಡ್ಬೇಕಾಗಿತ್ತು. ಅವನು ನಿನ್ನ ಮದುವೆಗೆ ಮನೆಗೆ ಸುಣ್ಣ ಹೊಡೆದೋನು ಕಣೋ."

ಅವನ ಮುಖ ಒಂದು ಥರ ಆಯಿತು. ಸಣ್ಣ ದನಿಯಲ್ಲಿ ಹೇಳಿದ. "ನೀವು ನಲ್ಲಿ ತಿರುಗಿಸಿದ್ದು ಒಳಗೆ ನಮಗೂ ಕೇಳಿಸ್ತು ಅತ್ತಿಗೆ. ಅವನಿಗೂ ಕೇಳಿಸಿರ್ಬೇಕು."

ನಾನು ಎದ್ದು ಒಲೆಯ ಕಡೆ ತಿರುಗಿದೆ. ಗಂಡನೇ ಮಾತಾಡಿದ. "ಅವನು ಅಂದ ಹಾಗೆ ಹೇಳ್ಬಿಡೇ. ಇಪ್ಪತ್ತು ವರ್ಷದಿಂದ ಇಲ್ಲಿನೋರ ಗಂಟಲ ಮೇಲೆ ಕತ್ತಿ ಆಡಿಸ್ತಿದೀನಿ. ಒಂದು ದಿನ ಬಾಯಿ ಬಿಟ್ಟಿಲ್ಲ. ಕತ್ತಿ ನನ್ನ ಕೈಲಿದ್ರೂ ಹೆದರೋನು ನಾನೇ. ನಾವು ಇರೋದೇ ಹಾಗೆ." ನಗಲು ನೋಡಿದ. ಆಗಲಿಲ್ಲ. ಎದ್ದು ಹೊರಗೆ ಹೋದ.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಮೂರನೆಯ ಮನೆಗೆ ಹೋದೆ. ದೇಹ ಇನ್ನೂ ಕೊಟ್ಟಿರಲಿಲ್ಲ. ಗಾರೆಯವನ ಹೆಂಡತಿ ಕಾರ್ಖಾನೆಯ ನೀಲಿ ಕೋಟಿನಲ್ಲೇ ಕೂತಿದ್ದಳು. ಹಿಂದಿನ ದಿನ ಹಾಕಿಕೊಂಡದ್ದು. ಅಕ್ಕಪಕ್ಕದ ಹೆಂಗಸರು ಗೋಡೆಯುದ್ದಕ್ಕೂ ಕೂತಿದ್ದರು. ಯಾರೂ ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು.

"ಜಾರಿ ಬಿದ್ದನಂತೆ" ಎಂದಳು ನನ್ನನ್ನು ನೋಡಿ. "ಮೂರನೇ ಮಾಳಿಗೆ ಹೊರಗಡೆ ಒಂದು ಗೇಣು ಹಲಗೆ ಮೇಲೆ ನಿಂತು ಕೆಲಸ ಮಾಡೋನು. ಒದ್ದೆ ಸಿಮೆಂಟಲ್ಲಿ ಬರಿಗಾಲಲ್ಲಿ. ಹದಿನೆಂಟು ವರ್ಷ. ಒಂದು ದಿನ ಜಾರಿಲ್ಲ. ಪೊಲೀಸ್ ಸ್ಟೇಷನ್ ಸಪಾಟು ನೆಲದ ಮೇಲೆ ಜಾರಿದನಂತೆ."

ನಾನು ಅವಳ ಮುಂದೆ ಕೂತೆ. ಹೇಳಿದೆ. ಅಕ್ಕಾ ಎಂದು ಕರೆದದ್ದು ಹೇಳಿದೆ. ಗೊತ್ತಿಲ್ಲ ಎಂದದ್ದು ಹೇಳಿದೆ. ನಲ್ಲಿ ತಿರುಗಿಸಿದ್ದು, ಮೂರು ಬಕೆಟ್ ನೀರು, ಗೋಡೆಯ ಅಂಗೈ. ಉಗುರಿನ ಸಂದಿಯಲ್ಲಿ ಇನ್ನೂ ಸಿಮೆಂಟು ಇತ್ತು. ಅದನ್ನೂ ತೋರಿಸಿದೆ.

ಹೆಂಗಸರಲ್ಲಿ ಒಬ್ಬಳು ನನ್ನ ಮೇಲೆ ಉಗಿದಳು. ಸೆರಗಿನ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ. ಗಾರೆಯವನ ಹೆಂಡತಿ ನನ್ನ ಬೆರಳು ಹಿಡಿದು ಉಗುರನ್ನು ಹತ್ತಿರದಿಂದ ನೋಡಿದಳು. ಬಿಟ್ಟಳು.

"ನನಗ್ಯಾಕೆ ಹೇಳ್ತಿದೀಯ?" ಎಂದಳು. "ನಿನ್ನ ಹೊಟ್ಟೆ ಹಗುರ ಮಾಡ್ಕೊಳ್ಳೋಕಾ? ನಾನೇನು ಕೋರ್ಟಾ? ಹೋಗು. ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳು. ಹೇಳೋಕಾಗದಿದ್ರೆ ಮತ್ತೆ ಈ ಬಾಗಿಲಿಗೆ ಬರ್ಬೇಡ."

ಠಾಣೆಯಲ್ಲಿ ಸಾಹೇಬರ ಕೋಣೆಗೆ ಕರೆದರು. "ಕೂತ್ಕೋಮ್ಮ" ಎಂದರು. ಆ ಕುರ್ಚಿಯನ್ನು ಎಷ್ಟು ಸಾವಿರ ಸಲ ಒರೆಸಿದ್ದೆನೋ. ಕೂತದ್ದು ಅದೇ ಮೊದಲು. ಅದು ತಿರುಗುತ್ತದೆ ಎನ್ನುವುದು ಮರೆತಿತ್ತು. ಕೂತ ಕೂಡಲೇ ತಿರುಗಿ ಗೋಡೆ ಕಡೆಗೆ ಮುಖವಾಯಿತು. ರೈಟರ್ ಬಂದು ನನ್ನನ್ನು ಸರಿಯಾಗಿ ತಿರುಗಿಸಿದ. ಮೀಸೆ ಬಾಗಿಲ ಹತ್ತಿರ ನಿಂತಿದ್ದ. ಮೈದುನ ಅವನ ಪಕ್ಕ.

"ಏನಾಯ್ತು ಹೇಳು" ಎಂದರು ಸಾಹೇಬರು.

ಹೇಳಿದೆ.  ಅವನನ್ನು ಹಿಂದಕ್ಕೆ ಕರೆದುಕೊಂಡು ಹೋದರು. ಬಾಗಿಲು ಹಾಕಿದರು. ಹೊಡೆದರು. ಆಮೇಲೆ ನಾನು ಒರೆಸಿದೆ. ಒರೆಸಿದ್ದು ನೀರಲ್ಲ, ರಕ್ತ. ಒರೆಸಿದ್ದು ನನ್ನ ತಪ್ಪು. ಅದಕ್ಕೆ ನನಗೆ ಏನು ಬೇಕಾದರೂ ಶಿಕ್ಷೆ ಕೊಡಿ.

ರೈಟರ್ ತಲೆ ಎತ್ತದೆ ಬರೆಯುತ್ತಿದ್ದ. ಬರೆದು ಮುಗಿಸಿ ನನ್ನ ಮುಂದೆ ಇಟ್ಟ. "ಇಲ್ಲಿ ಒಂದು ಸೈನ್ ಹಾಕಮ್ಮ."

ನಾನು ಏಳನೆಯ ತರಗತಿ ಓದಿದ್ದೇನೆ. ಅದು ಅವರಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅಕ್ಷರ ಅಕ್ಷರ ಕೂಡಿಸಿ ಜೋರಾಗಿ ಓದಿದೆ. "ಮೃತ ವ್ಯಕ್ತಿಯನ್ನು ಕರೆತರುವ ಮೊದಲು ನಾನು ನೆಲವನ್ನು ಸೋಪಿನ ನೀರಿನಿಂದ ಒರೆಸಿದ್ದೆನು. ಇದು ನನ್ನ ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ."

"ನಾನು ಆಮೇಲೆ ಅಂದೆ" ಎಂದೆ. "ಇಲ್ಲಿ ಮೊದಲು ಅಂತಿದೆ."

 ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು.

"ನಾನು ಬರೆಯೋನು ಅಷ್ಟೇ ಕಣಮ್ಮ" ಎಂದ ರೈಟರ್. ಅವನ ಕಣ್ಣಲ್ಲಿ ನೀರಿತ್ತು. ಆದರೆ ಕಾಗದದ ಮೇಲೆ ಇದ್ದದ್ದು ಅವನ ಅಕ್ಷರ.

"ನಾನೂ ಒರೆಸೋಳು ಅಷ್ಟೇ ಅಂತ ಅಂದ್ಕೊಂಡಿದ್ದೆ ಸಾರ್. ಅದೇ ನಾನು ಮಾಡಿದ ತಪ್ಪು. ನಾನು ಸೈನ್ ಹಾಕಲ್ಲ."

"ಯೋಚನೆ ಮಾಡಮ್ಮ" ಎಂದರು ಸಾಹೇಬರು.

"ಮಾಡಾಯ್ತು. ಹಾಕಲ್ಲ."

"ಕೊಬ್ಬು ನೋಡಿ ಸಾರ್ ಈ ಜಾತಿಗೆ" ಎಂದ ಮೀಸೆ. "ಕೂರೋಕೆ ಕುರ್ಚಿ ಕೊಟ್ಟಿದ್ದೇ ತಪ್ಪಾಯ್ತು."

ಸಾಹೇಬರು ಗಡಿಯಾರ ನೋಡಿದರು. ಎದ್ದು ಟೋಪಿ ತೆಗೆದುಕೊಂಡರು. "ನಾನು ಚಹಾ ಕುಡಿದು ಬರ್ತೀನಿ. ಅಷ್ಟರಲ್ಲಿ ಮುಗಿಸಿ" ಎಂದು ಹೊರಗೆ ಹೋದರು. ಅವರು ಏನನ್ನೂ ನೋಡಲಿಲ್ಲ. ಆಮೇಲೆ ಕೋರ್ಟಿನಲ್ಲಿ ಅದನ್ನೇ ಹೇಳಿದರು. ಅದು ಸುಳ್ಳಲ್ಲ.

ಮೀಸೆ ಶಾಯಿಯ ಡಬ್ಬಿ ತೆರೆದ. ನಾನು ಬಲಗೈಯನ್ನು ಮುಷ್ಟಿ ಮಾಡಿ ಹೊಟ್ಟೆಗೆ ಒತ್ತಿಕೊಂಡೆ. ಅವನು ಮಣಿಕಟ್ಟು ಹಿಡಿದು ಎಳೆದು ಮೇಜಿನ ಮೇಲೆ ಬಡಿದ. ಮುಷ್ಟಿ ಬಿಚ್ಚಲಿಲ್ಲ. ಇಷ್ಟು ವರ್ಷ ಬಟ್ಟೆ ಹಿಂಡಿದ ಕೈ ಅದು. ಮರದ ರೂಲುದೊಣ್ಣೆ ತೆಗೆದುಕೊಂಡು ಗೆಣ್ಣಿನ ಮೇಲೆ ಹೊಡೆದ. ಎರಡು. ಮೂರು. ನಾನು ಕುರ್ಚಿಯಿಂದ ಕೆಳಗೆ ಜಾರಿದೆ, ಕೈ ಮಾತ್ರ ಮೇಲೆ ಅವನ ಹಿಡಿತದಲ್ಲಿ.

"ಏ, ನೋಡ್ತಾ ನಿಂತಿದೀಯಲ್ಲ. ಭುಜ ಹಿಡ್ಕೋ ಇವಳ್ದು" ಎಂದ ಮೀಸೆ.

ಮೈದುನ ಬಂದ. ನಾನು ತಲೆ ಎತ್ತಿ ನೋಡಿದೆ. ಅವನ ತುಟಿ ಬಿಳಿಚಿಕೊಂಡಿತ್ತು. ಮದುವೆಯಾಗಿ ನಾನು ಆ ಮನೆಗೆ ಬಂದಾಗ ಅವನಿಗೆ ಒಂಬತ್ತು ವರ್ಷ. ತಾಯಿ ಇರಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕಳಿಸಿದವಳು ನಾನು.

"ಬೇಡ ಕಣೋ" ಎಂದೆ.

ಅವನ ಕೈ ನನ್ನ ಭುಜದ ಮೇಲೆ ಬಿತ್ತು.  ಒತ್ತಿ ಹಿಡಿಯಿತು.

ಮೀಸೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಹೆಬ್ಬೆರಳು ಕೊನೆಗೆ. ಅದನ್ನು ಹಿಂದಕ್ಕೆ ಮಡಚಿದಾಗ ಒಳಗೆ ಏನೋ ಮುರಿದ ಸದ್ದು ನನಗೇ ಕೇಳಿಸಿತು. ಶಾಯಿಗೆ ಅದ್ದಿದ. ಕಾಗದಕ್ಕೆ ಒತ್ತಿದ. ಅದರ ಕೆಳಗೆ ಸಾಕ್ಷಿ ಎಂದು ಬರೆದಿದ್ದ ಕಡೆ ಮೈದುನ ಸೈನ್ ಹಾಕಿದ. ಅಕ್ಷರ ದುಂಡಗೆ ಚೆನ್ನಾಗಿದ್ದವು. ಶಾಲೆಯಲ್ಲಿ ಅವನ ಕೈಬರಹಕ್ಕೆ ಬಹುಮಾನ ಬಂದಿತ್ತು.

ಕೇಸು ನಡೆದದ್ದು ಹತ್ತು ತಿಂಗಳ ಮೇಲೆ. ಮೀಸೆಯ ಮೇಲೆ ಅಲ್ಲ. ಅವನ ಮೇಲೆ ಗಾರೆಯವನ ಹೆಂಡತಿ ಕೊಟ್ಟ ದೂರು ಸಾಕ್ಷಿ ಇಲ್ಲವೆಂದು ಬಿದ್ದುಹೋಗಿತ್ತು. ಕೇಸು ನನ್ನ ಮೇಲೆ. ನಿರ್ಲಕ್ಷ್ಯದಿಂದ ಒಬ್ಬನ ಸಾವಿಗೆ ಕಾರಣಳಾದದ್ದು.

ನನಗೆ ಒಬ್ಬ ವಕೀಲಮ್ಮ ಸಿಕ್ಕಿದ್ದರು. ಹಡಗಿನವರಲ್ಲ. ಫೀಸು ತೆಗೆದುಕೊಳ್ಳಲಿಲ್ಲ. ಚಿಕ್ಕ ವಯಸ್ಸು, ಮಾತಾಡುವಾಗ ಕಿವಿ ಕೆಂಪಾಗುತ್ತಿತ್ತು. "ಇವರಿಗೆ ಓದು ಬರಹ ಬರುತ್ತೆ, ಮತ್ತೆ ಹೆಬ್ಬೆಟ್ಟು ಯಾಕೆ?" ಎಂದು ಕೇಳಿದರು. ನ್ಯಾಯಾಧೀಶರು ನನ್ನ ಕೈಗೆ ಪೆನ್ನು ಕೊಡಿಸಿದರು. ಹೆಬ್ಬೆರಳು ಓರೆಯಾಗಿ ಕೂಡಿಕೊಂಡಿತ್ತು. ಪೆನ್ನು ಜಾರುತ್ತಿತ್ತು. ಎರಡು ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡು ನನ್ನ ಹೆಸರು ಬರೆದೆ. ಕೋಳಿ ಕೆರೆದ ಹಾಗೆ ಬಂತು. ಸರ್ಕಾರಿ ವಕೀಲರು ಅದನ್ನು ಎತ್ತಿ ಹಿಡಿದು, "ಇದನ್ನು ಬರಹ ಅಂತಾರಾ?" ಎಂದರು. ಕೆಲವರು ನಕ್ಕರು.

"ಹೆಬ್ಬೆಟ್ಟು ನಿನ್ನದೇ ತಾನೇ?" ಎಂದರು ನ್ಯಾಯಾಧೀಶರು.

"ಬೆರಳು ನಂದು ಸ್ವಾಮಿ. ಒತ್ತಿದ್ದು ನಾನಲ್ಲ."

ಮೈದುನ ಸಾಕ್ಷಿಯ ಕಟಕಟೆ ಹತ್ತಿದ. ಇಸ್ತ್ರಿ ಮಾಡಿದ ಯೂನಿಫಾರ್ಮ್. ಅವಳು ತಾನಾಗಿ ಹೇಳಿದಳು, ತಾನಾಗಿ ಹೆಬ್ಬೆಟ್ಟು ಒತ್ತಿದಳು ಎಂದ. ವಕೀಲಮ್ಮ ಎದ್ದು ಕೇಳಿದರು. "ಇವರು ನಿಮಗೆ ಏನಾಗ್ಬೇಕು?"

ಅವನು ಕಟಕಟೆಯ ಮರವನ್ನು ಹಿಡಿದುಕೊಂಡ.

"ನಮ್ಮ ಅತ್ತಿಗೆ" ಎಂದ. "ತಾಯಿ ಇದ್ದ ಹಾಗೆ."

ನನ್ನ ವಕೀಲಮ್ಮ ಅದರಿಂದ ನಮಗೆ ಅನುಕೂಲವಾಗುತ್ತದೆ ಎಂದುಕೊಂಡಿದ್ದರು. ಸರ್ಕಾರಿ ವಕೀಲರು ಕೂತಲ್ಲಿಂದ ಹಾರಿ ಎದ್ದರು. ತಾಯಿಯಂಥವಳ ಮೇಲೆ ಯಾವ ಮಗ ಸುಳ್ಳು ಸಾಕ್ಷಿ ಹೇಳುತ್ತಾನೆ ಸ್ವಾಮಿ? ಈ ಸಾಕ್ಷಿಯನ್ನು ನಂಬದಿದ್ದರೆ ಇನ್ನು ಯಾರನ್ನು ನಂಬಬೇಕು? ಇನ್ನೊಂದು ಮಾತು. ಇದಕ್ಕೆಲ್ಲ ಮೈಬಣ್ಣ ಕಾರಣ, ಹಡಗಿನವರು ಎನ್ನುವುದು ಕಾರಣ ಎಂದು ಪತ್ರಿಕೆಗಳಲ್ಲಿ ಬಂದಿದೆ. ಸತ್ತವನು ಅವರವನು. ಒರೆಸಿದವಳು ಅವರವಳು. ಸಾಕ್ಷಿ ಹೇಳುತ್ತಿರುವವನೂ ಅವರವನೇ. ಇದರಲ್ಲಿ ಬಣ್ಣದ ಮಾತು ಎಲ್ಲಿಂದ ಬಂತು?

ನ್ಯಾಯಾಧೀಶರು ತಲೆಯಾಡಿಸಿ ಬರೆದುಕೊಂಡರು.

ಕೊನೆಗೆ ನನ್ನನ್ನು ಕೇಳಿದರು, ಹೇಳುವುದೇನಾದರೂ ಇದೆಯೇ ಎಂದು. ನಾನು ಎದ್ದು ನಿಂತೆ. "ಒರೆಸಿದ್ದು ನಾನೇ. ಅದಕ್ಕೆ ಶಿಕ್ಷೆ ಕೊಡಿ, ತಗೋತೀನಿ. ಹೊಡೆದೋನು ಅಲ್ಲಿ ಕೂತಿದಾನೆ. ಕಾಲು ಹಿಡಿದೋನು ಇಲ್ಲಿ ನಿಂತಿದಾನೆ. ಬರೆದೋರು ಆ ಮೂಲೇಲಿದಾರೆ. ಚಹಾ ಕುಡಿಯೋಕೆ ಹೋದೋರು ಮುಂದಿನ ಸಾಲಲ್ಲಿದಾರೆ. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿ ಸ್ವಾಮಿ. ನಾನೊಬ್ಬಳೇ ಯಾಕೆ ಎದ್ದು ನಿಂತಿದೀನಿ?"

ಕೋರ್ಟಿನ ಪೇದೆ ಸದ್ದು ಮಾಡಬೇಡ ಎಂದ. ನಾನು ಕೂತೆ. ಒಂದು ವರ್ಷ ಕೊಟ್ಟರು. ಆ ಸಾವಿಗೆ ಶಿಕ್ಷೆಯಾದದ್ದು ನನಗೊಬ್ಬಳಿಗೇ.

ಜೈಲಿನ ಬಗ್ಗೆ ಹೇಳುವುದೇನೂ ಇಲ್ಲ. ಗಂಡ ತಿಂಗಳಿಗೊಮ್ಮೆ ಬರುತ್ತಿದ್ದ. ಮೊದಲ ಸಲ ಬಂದಾಗ ನನ್ನ ತಲೆ ನೋಡಿ, "ಯಾವನೇ ಇವನು ನಿನ್ನ ಕೂದಲು ಕತ್ತರಿಸಿದೋನು? ಕಸುಬು ಗೊತ್ತಿಲ್ಲ ಅವನಿಗೆ" ಎಂದ. ಆಮೇಲೆ ಜಾಲರಿಗೆ ಹಣೆ ಇಟ್ಟು ಅತ್ತ. ಸೇತುವೆಯ ಕೆಳಗಿನ ಅವನ ಕುರ್ಚಿಯನ್ನು ಎತ್ತಿಸಿದ್ದರು. ರಸ್ತೆಗೆ ಅಡ್ಡಿಯಂತೆ. ಈಗ ಚೀಲ ಹಿಡಿದುಕೊಂಡು ಮನೆಮನೆಗೆ ಹೋಗುತ್ತಾನೆ.

ಮೀಸೆಗೆ ಬಡ್ತಿ ಬಂತು. ಮೈದುನ ಕೇರಿ ಬಿಟ್ಟು ಪೊಲೀಸ್ ಕ್ವಾರ್ಟರ್ಸಿಗೆ ಹೋದ. ತಿಂಗಳಿಗೊಮ್ಮೆ ಯಾರ ಕೈಯಲ್ಲೋ ಅಕ್ಕಿ ಕಳಿಸುತ್ತಾನಂತೆ. ಗಂಡ ಅದನ್ನು ಹಾಗೇ ವಾಪಸು ಕಳಿಸುತ್ತಾನೆ. ಒಂದು ತಿಂಗಳು ಮಾತ್ರ ಇಟ್ಟುಕೊಂಡನಂತೆ. ಆ ತಿಂಗಳು ಕೆಲಸ ಇರಲಿಲ್ಲ. ನನಗೆ ಹೇಳುವಾಗ ಮುಖ ತಿರುಗಿಸಿಕೊಂಡು ಹೇಳಿದ.

ಬಿಡುಗಡೆಯಾದ ದಿನ ಗೇಟಿನ ಹೊರಗೆ ಗಾರೆಯವನ ಹೆಂಡತಿ ನಿಂತಿದ್ದಳು. ನೀಲಿ ಕೋಟು ಹಾಕಿದ್ದಳು. ಕಾರ್ಖಾನೆಯಿಂದ ಅರ್ಧ ದಿನ ರಜೆ ಹಾಕಿ ಬಂದಿದ್ದಳೋ ಏನೋ. ನಾನು ಹತ್ತಿರ ಹೋದೆ.  ಅವಳು ನನ್ನ ಗಂಟನ್ನು ತೆಗೆದುಕೊಳ್ಳಲಿಲ್ಲ. ಕೈ ಹಿಡಿಯಲಿಲ್ಲ. ಬಸ್ ನಿಲ್ದಾಣದ ತನಕ ನನ್ನ ಪಕ್ಕದಲ್ಲಿ ನಡೆದಳು. ನನ್ನ ಬಸ್ಸು ಬಂತು, ಹತ್ತಿದೆ. ಅವಳು ಹತ್ತಲಿಲ್ಲ. ಕ್ಷಮಿಸಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೇಳುವ ಮುಖ ನನಗಿಲ್ಲ.

ಹೋದ ವಾರ ನಮ್ಮ ಕೇರಿಯ ಕೊನೆಯ ಸಾಲಿನಿಂದ ಒಬ್ಬಳು ಬಂದಳು. ನಾನು ಜೈಲಿನಲ್ಲಿದ್ದಾಗ ಕೇರಿಗೆ ಬಂದವಳು, ಇಪ್ಪತ್ತಮೂರು ಇಪ್ಪತ್ತನಾಲ್ಕು ಇರಬಹುದು. ಸೊಂಟದ ಮೇಲೆ ಮಗು. ಬಾಗಿಲಲ್ಲೇ ನಿಂತು ಕೇಳಿದಳು.

"ಅಕ್ಕ, ನಂಗೆ ಠಾಣೇಲಿ ಗುಡಿಸೋ ಕೆಲಸ ಸಿಕ್ಕಿದೆ. ನೀವು ಅಲ್ಲಿ ತುಂಬ ವರ್ಷ ಇದ್ರಂತಲ್ಲ. ಹೇಗಿರುತ್ತೆ ಅಂತ ಕೇಳೋಣ ಅಂತ ಬಂದೆ."

"ಹೋಗ್ಬೇಡ" ಎಂದೆ.

"ಇದಕ್ಕೆ ಹಾಲು ಬೇಕಲ್ಲಕ್ಕ" ಎಂದಳು ಮಗುವನ್ನು ತೋರಿಸಿ.

ಕೂರಿಸಿಕೊಂಡು ಎಲ್ಲ ಹೇಳಿದೆ. ಇಲ್ಲಿ ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಯಿತು.

"ಹಾಗಾದ್ರೆ ಅಂಥ ದಿನ ಬಂದ್ರೆ ನಾನೇನು ಮಾಡ್ಬೇಕಕ್ಕ?"

"ಒರೆಸ್ಬೇಡ."

"ಒರೆಸದಿದ್ರೆ?"

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಅವಳು ಕಾದಳು. ನಿಜವಾಗಿಯೂ ಕಾದಳು, ನನ್ನ ಮುಖವನ್ನೇ ನೋಡುತ್ತಾ. ಕೊನೆಗೆ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಎದ್ದಳು.

"ಕೈಗೆ ಗ್ಲೌಸ್ ಕೊಡ್ತಾರಾ ಅಕ್ಕ?"

"ಕೊಡಲ್ಲ."

"ಸರಿ" ಎಂದಳು.

ಸೋಮವಾರದಿಂದ ಅವಳು ಕೆಲಸಕ್ಕೆ ಹೋಗುತ್ತಿದ್ದಾಳೆ.